ಕಾಲು ಹಿಡಿಯುವ ಯಂತ್ರ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಪೇಟೆಯ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಇನ್‌ಸ್ಪೆಕ್ಟರ್ ಒಬ್ಬರಿದ್ದರು. ತಂದೆತಾಯಿ ಇಟ್ಟ ಹೆಸರು ಅವರಿಗೂ ಒಂದಿತ್ತು. ಆದರೆ ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಯಾರು ಏನು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ "ಖಂಡಿತ" ಎಂದುಬಿಡುವುದು ಅವರ ಅಭ್ಯಾಸವಾದ್ದರಿಂದ ಕಚೇರಿಯೂ ಪೇಟೆಯೂ ಒಮ್ಮತದಿಂದ ಅವರನ್ನು ಖಂಡಿತಪ್ಪ ಎಂದು ಕರೆಯುತ್ತಿದ್ದವು. ಅವರ ಹೆಂಡತಿ ಮಾತ್ರ "ರೀ" ಎನ್ನುತ್ತಿದ್ದರು. ಆ ಒಂದಕ್ಷರದಲ್ಲಿ ಎಷ್ಟು ಬಗೆಯ ಅರ್ಥಗಳಿದ್ದವೆಂಬುದು ಖಂಡಿತಪ್ಪನವರಿಗಷ್ಟೇ ಗೊತ್ತು.

ಅವರಿಗೆ ಒಬ್ಬಳೇ ಮಗಳು. ಕಾಲೇಜಿನಲ್ಲಿ ಓದುತ್ತಿದ್ದಳು, ವೇಗದ ನಡಿಗೆಯ ಸ್ಪರ್ಧೆಗೆ ಹೋಗುತ್ತಿದ್ದಳು. ಈ ಸ್ಪರ್ಧೆಯಲ್ಲಿ ಓಡುವಂತಿಲ್ಲ, ಆದರೆ ಓಡಿದಷ್ಟೇ ಬೇಗ ಹೋಗಿ ಮುಟ್ಟಬೇಕು. ಎರಡು ಪಾದಗಳಲ್ಲಿ ಒಂದು ಸದಾ ನೆಲದ ಮೇಲಿರಬೇಕು. ಎರಡೂ ಒಟ್ಟಿಗೆ ನೆಲ ಬಿಟ್ಟರೆ 'ಕಾಲೆತ್ತಿದಳು' ಎಂದು ತೀರ್ಪುಗಾರರು ಕೆಂಪು ಚೀಟಿ ಬರೆಯುತ್ತಾರೆ. ಮೂರು ಕೆಂಪು ಚೀಟಿ ಬಿದ್ದರೆ ಸೀದಾ ಮನೆಗೆ.

ಒಂದು ದಿನ ಕ್ರೀಡಾಂಗಣದ ಸ್ಪರ್ಧೆಯಲ್ಲಿ ಖಂಡಿತಪ್ಪನವರ ಮಗಳಿಗೂ ಮೂರು ಚೀಟಿ ಬಿದ್ದು, ಸೀದಾ ಮನೆಗೆ ಎಂದಾಯಿತು. ಅವಳೇನೋ ಶೂ ಬಿಚ್ಚಿ ಹುಲ್ಲಿನ ಮೇಲೆ ಕೂತಳು. ಅಪ್ಪ ಮೊಬೈಲನ್ನು ಕತ್ತಿಯಂತೆ ಹಿರಿದುಕೊಂಡು ತೀರ್ಪುಗಾರರ ಮೇಜಿನತ್ತ ನಡೆದರು.

"ನನ್ನ ಮಗಳು ಕಾಲು ಎತ್ತಿಲ್ಲ. ಸಾಕ್ಷಿ ಇದೆ. ಅವಳ ಪಕ್ಕದಲ್ಲೇ ಓಡ್ತಾ ವಿಡಿಯೋ ತೆಗೆದಿದೀನಿ."

ಮುಖ್ಯ ತೀರ್ಪುಗಾರರು ವಯಸ್ಸಾದವರು, ತಾಳ್ಮೆಯವರು. ಕನ್ನಡಕ ಏರಿಸಿ ನೋಡಿದರು. ಮೊದಲು ಆಕಾಶ ಬಂತು. ಆಮೇಲೆ ಖಂಡಿತಪ್ಪನವರದೇ ಹೊಟ್ಟೆ ಬಂತು. ಆಮೇಲೆ ಇಡೀ ಕ್ರೀಡಾಂಗಣ ಅಲೆಗೆ ಸಿಕ್ಕ ದೋಣಿಯಂತೆ ಮೇಲೆ ಕೆಳಗೆ ಹೊಯ್ದಾಡತೊಡಗಿತು. ತೀರ್ಪುಗಾರರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೋಡಿ ಇವ್ರೇ, ಇದರಲ್ಲಿ ನಿಮ್ಮ ಮಗಳು ಕಾಲೆತ್ತಿದಾಳೆ. ಅವಳ ಪಕ್ಕದ ಹುಡುಗೀನೂ ಎತ್ತಿದಾಳೆ. ಹಿಂದೆ ಕುರ್ಚಿ ಮೇಲೆ ಸುಮ್ನೆ ಕೂತಿರೋ ನಾನೂ ಎತ್ತಿದೀನಿ. ಮೈದಾನಾನೇ ನೆಲ ಬಿಟ್ಟಿದೆ. ನಾನು ಯಾರಿಗೆ ಅಂತ ಚೀಟಿ ಬರೀಲಿ?"

ಸುತ್ತ ನಿಂತವರು ನಕ್ಕರು. ನಗದಿದ್ದವರು ಮಗಳ ಕೋಚ್ ಮೇಡಂ ಒಬ್ಬರೇ. ಅವರು ಮಾತಿಗಿಂತ ಸೀಟಿಯನ್ನೇ ಹೆಚ್ಚು ಬಳಸುವ ಹೆಂಗಸು. ಖಂಡಿತಪ್ಪನವರನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವಳು ಕಾಲು ಎತ್ತೋದು ನಿಜ ಸಾರ್. ಆದ್ರೆ ಯಾವಾಗ ಎತ್ತುತ್ತಾಳೆ, ಯಾಕೆ ಎತ್ತುತ್ತಾಳೆ ಅನ್ನೋದು ಕಣ್ಣಿಗೆ ಸಿಗ್ತಾ ಇಲ್ಲ. ಅವಳ ಜೊತೆಗೇ ನಡೀತಾ, ಮಂಡಿ ಎತ್ತರದಲ್ಲಿ, ಅಲುಗಾಡದ ಹಾಗೆ ವಿಡಿಯೋ ತೆಗೆದುಕೊಟ್ರೆ ನಾನು ತಿದ್ದಬಲ್ಲೆ. ಆಯ್ಕೆ ಸ್ಪರ್ಧೆ ಹತ್ತಿರ ಬಂತು. ಅದರಲ್ಲೂ ಹೊರಗೆ ಬಿದ್ದಳೋ, ತಂಡದ ಆಸೆ ಬಿಡಬೇಕು. ಆಗುತ್ತಾ ನಿಮ್ಮ ಕೈಲಿ?"

"ಖಂಡಿತ," ಎಂದರು ಖಂಡಿತಪ್ಪ.

ಮರುದಿನವೇ ಅವರು ಕ್ಯಾಮೆರಾ ಅಂಗಡಿಯಲ್ಲಿದ್ದರು. ಮೊಬೈಲು ಅಲುಗಾಡದಂತೆ ಹಿಡಿಯುವ ಸಾಧನವೊಂದನ್ನು ಅಂಗಡಿಯಾಕೆ ತೆಗೆದುಕೊಟ್ಟಳು. ಕೈಹಿಡಿ, ಮೇಲೆ ಮೊಬೈಲು ಕೂರುವ ಜಾಗ, ನಡುವೆ ಪುಟ್ಟ ಮೋಟಾರು. ಕೈ ಎತ್ತ ವಾಲಿದರೂ ಮೊಬೈಲು ಮಾತ್ರ ನೆಟ್ಟಗೇ ನಿಲ್ಲುತ್ತಿತ್ತು. ಖಂಡಿತಪ್ಪನವರು ಅದನ್ನು ತಿರುವಿದರು, ಮುರುವಿದರು, ಕೊನೆಗೆ ತೋರುಬೆರಳಿನ ಮೇಲೆ ಅಡ್ಡಲಾಗಿಟ್ಟು ಅದು ಎಲ್ಲಿ ಸಮ ನಿಲ್ಲುತ್ತದೆಂದು ನೋಡಿದರು. ಅಂಗಡಿಯಾಕೆ ಕೆಳಗೆ ಎರಡೂ ಕೈ ಒಡ್ಡಿಕೊಂಡು ನಿಂತಳು.

"ಇದು ತಕ್ಕಡಿ," ಎಂದು ಖಂಡಿತಪ್ಪ ತೀರ್ಪು ಕೊಟ್ಟರು.

"ಅಲ್ಲ ಸಾರ್, ಇದು..."

"ತಕ್ಕಡೀನಮ್ಮಾ. ಮೇಲೊಂದು ಭಾರ, ಕೆಳಗೊಂದು ಭಾರ, ಮಧ್ಯೆ ಒಂದು ಕೀಲು. ಅಷ್ಟೇ ತಾನೆ? ಮೋಟಾರೆಲ್ಲ ಬರೀ ಶೋಕಿ."

ಅಷ್ಟೇ ಆಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಖಂಡಿತಪ್ಪನವರ ಎದೆಯೊಳಗೆ ಆಗಲೇ ಒಂದು ಸ್ವಾಭಿಮಾನ ಹೆಡೆ ಎತ್ತಿತ್ತು. ಪೇಟೆಯ ಸಮಸ್ತ ತಕ್ಕಡಿಗಳ ಸರಿ ತಪ್ಪುಗಳನ್ನು ನಿರ್ಧರಿಸುವ ಮನುಷ್ಯ ತನ್ನ ಕೈಗೆ ಬೇಕಾದ ಸಮತೋಲವನ್ನು ಅಂಗಡಿಯಿಂದ ಕೊಂಡು ತರುವುದೇ? ಇಲಾಖೆಯ ಮಾನವೇನಾಗಬೇಕು?

ಮನೆಯಲ್ಲಿ ಈ ವಿಷಯ ಊಟದ ಮೇಜಿನ ಮೇಲೆ ಚರ್ಚೆಗೆ ಬಂತು.

"ರೀ," ಎಂದರು ಹೆಂಡತಿ. ಇದು ಎಚ್ಚರಿಕೆಯ ರೀ. "ಸುಮ್ನೆ ಕೊಂಡ್ಕೊಂಡು ಬನ್ನಿ. ನೀವು ಮಾಡಿದ ಬಟ್ಟೆ ಒಣಗಿಸೋ ಸ್ಟ್ಯಾಂಡು ನೆನಪಿದೆಯಾ?"

"ಅದು ಮಡಚೋ ಸ್ಟ್ಯಾಂಡು. ಮಡಚಿಕೊಳ್ತು. ತಪ್ಪೇನು?"

"ನನ್ನನ್ನೂ ಸೇರಿಸಿಕೊಂಡು ಮಡಚಿಕೊಳ್ತು! ಕೂಗಿ ಕೂಗಿ ಪಕ್ಕದ ಮನೆಯವರು ಬಂದು ಬಿಡಿಸಬೇಕಾಯ್ತು."

"ಕೊಂಡದ್ದು ಕೆಟ್ರೆ ರಿಪೇರಿಗೆ ಕೊಟ್ಟು ಕಾಯ್ತಾ ಕೂರ್ಬೇಕು. ನಾನೇ ಮಾಡಿದ್ದು ಕೆಟ್ರೆ..."

"ಕೆಟ್ರೆ ಅಂತ ಯಾಕಂತೀರಿ? ಕೆಟ್ಟಾಗ ಅನ್ನಿ."

ಖಂಡಿತಪ್ಪ ಮಗಳ ಕಡೆ ನೋಡಿದರು. ಕಾಲು ಅವಳದು, ಹಾಗಾಗಿ ಕೊನೆಯ ಮಾತೂ ಅವಳದೇ ಆಗಬೇಕಿತ್ತು. ಮಗಳು ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಸೋತು ಬಂದ ದಿನ ಅಪ್ಪ ಒಬ್ಬನೇ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ ನಗೆಪಾಟಲಾದದ್ದು ಅವಳ ಕಣ್ಣ ಮುಂದೆ ಬಂದಿರಬೇಕು.

"ಅಪ್ಪ ಮಾಡ್ಲಿ ಬಿಡಮ್ಮ. ಆದ್ರೆ ಅಪ್ಪಾ, ಆಯ್ಕೆ ಸ್ಪರ್ಧೆ ಮುಗಿದ ಮೇಲೆ ಮಾಡಿ ಮುಗಿಸಬೇಡ."

ಹೀಗೆ ತೀರ್ಮಾನವಾಯಿತು. ಖಂಡಿತಪ್ಪನವರು ಗುಜರಿ ಅಂಗಡಿಗೆ ಹೋಗಿ ಒಂದು ಕಬ್ಬಿಣದ ಕೊಳವೆ, ಯಾವುದೋ ಕಾಲದ ಫ್ಯಾನಿನ ಬೇರಿಂಗು, ಸೈಕಲ್ಲಿನ ಹಿಡಿ ಮತ್ತು ಕಾಲು ಕಿಲೋದ ಹಳೆಯ ತೂಕದ ಕಲ್ಲುಗಳನ್ನು ಹೊತ್ತು ತಂದರು. ಮನೆಯ ಹಿಂಬದಿಯ ಪಡಸಾಲೆಯನ್ನು ವಶಪಡಿಸಿಕೊಂಡರು.

ಮೊದಲನೆಯ ಮಾದರಿ ಗಡಿಯಾರದ ಲೋಲಕದಂತೆ ತೂಗಾಡಿತು. ತೂಗಾಡಿದ್ದಕ್ಕೆ ಅಷ್ಟು ಬೇಜಾರಾಗುತ್ತಿರಲಿಲ್ಲ, ಅದು ನಿಲ್ಲಲೇ ಇಲ್ಲ. ಎರಡನೆಯ ಮಾದರಿಯಲ್ಲಿ ಕೆಳಗಿನ ಕಲ್ಲು ಕಳಚಿ ಅವರ ಹೆಬ್ಬೆಟ್ಟಿನ ಮೇಲೆಯೇ ಬಿತ್ತು. ಮೂರನೆಯದು ಅಡುಗೆಮನೆಯಿಂದ ಪಡಸಾಲೆಗೆ ಹೋಗುವಷ್ಟು ದೂರ ನೆಟ್ಟಗೆ ನಿಂತಿತು. ಆದರೆ ಅದಕ್ಕಾಗಿ ಅವರು ಆಮೆಯಂತೆ ನಡೆಯಬೇಕಾಗಿತ್ತು, ಆ ವೇಗದಲ್ಲಿ ನಡೆಯುವ ಕ್ರೀಡಾಪಟು ಯಾವ ದೇಶದಲ್ಲೂ ಇರಲಿಲ್ಲ. ಹೆಂಡತಿ ಪ್ರತಿಸಲವೂ ಬಾಗಿಲಲ್ಲಿ ನಿಂತು "ಆ ಅಂಗಡಿ ಇನ್ನೂ ತೆರೆದಿದೆಯಂತೆ" ಎಂದು ಸುದ್ದಿ ಮುಟ್ಟಿಸಿ ಹೋಗುತ್ತಿದ್ದರು. ಖಂಡಿತಪ್ಪ ಹಲ್ಲು ಕಚ್ಚಿ ಮತ್ತೆ ಸ್ಪ್ಯಾನರು ಹಿಡಿಯುತ್ತಿದ್ದರು. ಕೊನೆಗೆ ಹಿಡಿಯನ್ನು ಕೆಳಗಿನಿಂದ ನಡುವಿಗೆ ತಂದು, ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಒಂದು ಕಲ್ಲು ತೆಗೆದು ಒಂದು ಕಲ್ಲು ಸೇರಿಸಿ ನೋಡಿದಾಗ, ಆ ವಿಕಾರ ಕೋಲು ಇದ್ದಕ್ಕಿದ್ದಂತೆ ಶಾಂತವಾಯಿತು. ಅವರು ನಡೆದರು. ಅದು ಅಲುಗಲಿಲ್ಲ. ಅವರು ಮೆಟ್ಟಿಲಿಳಿದರು. ಅದು ಅಲುಗಲಿಲ್ಲ. ಸಂತೋಷದಿಂದ ಕುಣಿದರು. ಆಗಲೂ ಮೊಬೈಲು ತಪಸ್ಸಿಗೆ ಕೂತಂತೆ ನೆಟ್ಟಗಿತ್ತು.

ಹೆಂಡತಿ ಬಂದು ನೋಡಿದರು. "ರೀ," ಎಂದರು. ಇಂಥ ರೀ ಅವರ ದಾಂಪತ್ಯದಲ್ಲಿ ಅಪರೂಪ.

ಕ್ರೀಡಾಂಗಣದಲ್ಲಿ ಹೊಸ ಹುಲ್ಲು ಹಾಸುತ್ತಿದ್ದುದರಿಂದ ಅಭ್ಯಾಸಕ್ಕೆ ಪೇಟೆಬೀದಿಯೇ ಗತಿಯಾಯಿತು. ಅದು ಸಿಮೆಂಟಿನ ನೇರ ರಸ್ತೆ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಗಾಡಿಗಳ ಕಾಟವೂ ಇರುತ್ತಿರಲಿಲ್ಲ. ಮಗಳು ಸೊಂಟ ತಿರುಗಿಸುತ್ತ ಗಾಳಿಯಂತೆ ನಡೆದಳು. ಪಕ್ಕದಲ್ಲಿ ಖಂಡಿತಪ್ಪನವರು ಮಂಡಿ ಬಗ್ಗಿಸಿ, ಏಡಿಯಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಕಲ್ಲು ಕಟ್ಟಿದ ಕೋಲನ್ನು ಮುಂದೆ ಚಾಚಿಕೊಂಡು, "ಹೂಂ, ಬಿಡಬೇಡ! ಬಿಡಬೇಡ!" ಎಂದು ಹುರಿದುಂಬಿಸುತ್ತ ಸಾಗಿದರು.

ತೂಕದ ಇನ್‌ಸ್ಪೆಕ್ಟರು ತೂಕದ ಕಲ್ಲು ಕಟ್ಟಿದ ಯಂತ್ರ ಹಿಡಿದು ಬೆಳ್ಳಂಬೆಳಗ್ಗೆ ಅಂಗಡಿಗಳ ಮುಂದೆ ಬಗ್ಗಿ ಬಗ್ಗಿ ಹೋಗುವುದನ್ನು ಇಡೀ ಪೇಟೆ ನೋಡಿತು. ನೋಡಿ ಸುಮ್ಮನಿರುವುದು ಪೇಟೆಯ ಜಾಯಮಾನವಲ್ಲ. ಹಿಂದಿರುಗುವಾಗ ತರಕಾರಿ ಅಂಗಡಿಯವನು ಧೈರ್ಯ ಮಾಡಿ ಕೇಳಿಯೇ ಬಿಟ್ಟ.

"ಸಾರ್, ಏನ್ ಸಾರ್ ಇದು? ಹೊಸ ಮಷೀನಾ?"

"ನಾನೇ ಮಾಡಿದ್ದು," ಎಂದರು ಖಂಡಿತಪ್ಪ, ಏದುಸಿರು ಬಿಡುತ್ತ.

"ಏನಕ್ಕೆ ಸಾರ್?"

"ಕಾಲು ಎತ್ತೋದನ್ನ ಹಿಡಿಯೋಕೆ."

ತರಕಾರಿಯವನ ಕೈಯಲ್ಲಿದ್ದ ಬದನೆಕಾಯಿ ಕೆಳಗೆ ಬಿತ್ತು. ಕಿಲೋಗೆ ಕಾಲು ಎತ್ತುವುದು ಆ ಬೀದಿಯಲ್ಲಿ ಅವನ ಅಪ್ಪನ ಕಾಲದಿಂದಲೂ ನಡೆದು ಬಂದ ವ್ಯವಹಾರ. ಕೇಳಿದವರಿಗೆ ಮುಕ್ಕಾಲು, ಲೆಕ್ಕಕ್ಕೆ ಒಂದು.

"ಕಾಲು... ಎತ್ತಿದ್ರೆ... ಇದರಲ್ಲಿ ಗೊತ್ತಾಗುತ್ತಾ ಸಾರ್?"

"ಕಾಲೇನು, ಕೂದಲೆಳೆಯಷ್ಟು ಎತ್ತಿದ್ರೂ ಗೊತ್ತಾಗುತ್ತೆ. ಬರಿಗಣ್ಣಿಗೆ ಮಣ್ಣೆರಚಬಹುದು ಕಣಯ್ಯ, ಇದಕ್ಕಾಗಲ್ಲ," ಎಂದು ಖಂಡಿತಪ್ಪನವರು ಹೆಮ್ಮೆಯಿಂದ ಹೇಳಿ ಮಗಳ ಹಿಂದೆ ನಡೆದರು.

ಸುದ್ದಿ ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಯಂತ್ರ ಬೆಳೆದುಬಿಟ್ಟಿತ್ತು. ಅಂಗಡಿ ಒಳಗಿದ್ದ ತಕ್ಕಡಿಯನ್ನೂ ಅದು ರಸ್ತೆಯಿಂದಲೇ ತೂಗುತ್ತದೆ ಎಂದರು ಕೆಲವರು. ಗೋಡೆ ಇದ್ದರೂ ಅದಕ್ಕೆ ಅಡ್ಡಿಯಿಲ್ಲ ಎಂದರು ಇನ್ನು ಕೆಲವರು. ಹುಡುಗಿಯನ್ನು ಮುಂದೆ ನಡೆಸುವುದು ಬರೀ ಕಣ್ಣುಕಟ್ಟು, ಜನರ ಗಮನ ಬೇರೆಡೆ ಸೆಳೆಯಲು ಇಲಾಖೆ ಹೂಡಿದ ಉಪಾಯ ಎಂದು ಬಟ್ಟೆ ಅಂಗಡಿಯವರು ವಿವರಿಸಿದರು.

ಆ ವಾರ ಪೇಟೆಯಲ್ಲಿ ನಡೆದದ್ದನ್ನು ನಂಬುವುದು ಕಷ್ಟ. ಒಂದು ಕಿಲೋ ಈರುಳ್ಳಿ ಕೇಳಿದರೆ ಒಂದು ಕಿಲೋ ಈರುಳ್ಳಿಯನ್ನೇ ಕೊಟ್ಟರು. ಗಿರಾಕಿಗಳಿಗೆ ಗಾಬರಿಯಾಯಿತು. ಮನೆಗೆ ಹೋಗಿ ಮತ್ತೆ ತೂಗಿ, ಸರಿಯಿದೆಯೆಂದು ಗೊತ್ತಾದಾಗ ಇನ್ನಷ್ಟು ಗಾಬರಿಯಾಯಿತು. ಬಟ್ಟೆ ಅಂಗಡಿಯವರು ಅಳತೆಗೋಲನ್ನು ಮೀರಿ ಒಂದು ಗೇಣು ಜಾಸ್ತಿಯೇ ಕತ್ತರಿಸತೊಡಗಿದರು. ಖಂಡಿತಪ್ಪನವರ ಹೆಂಡತಿ ಹುರುಳಿಕಾಯಿ ತರಲು ಹೋದಾಗ ತರಕಾರಿಯವನು ತೂಗಿ ಮುಗಿಸಿದ ಮೇಲೂ ಹಿಡಿ ಹಿಡಿಯಾಗಿ ಹಾಕುತ್ತಲೇ ಇದ್ದ.

"ಸಾಕಪ್ಪ, ಯಾಕೆ ಇಷ್ಟೊಂದು?"

"ಇರ್ಲಿ ಅಕ್ಕಾ. ಸಾರ್‌ಗೆ ಹೇಳಿ, ನಾನು ಈಗ ಎತ್ತೋದನ್ನ ಪೂರ್ತಿ ಬಿಟ್ಟಿದೀನಿ ಅಂತ."

ಆಕೆ ಹೆಚ್ಚಿನ ಹುರುಳಿಕಾಯಿಯನ್ನೆಲ್ಲ ಅಲ್ಲೇ ಸುರಿದು ಬಂದರು. ಮನೆಗೆ ಬಂದು ಗಂಡನಿಗೆ ಹೇಳಿದರು: "ರೀ, ಆ ತರಕಾರಿಯವನು ಏನೋ ಕುಡಿಯೋ ಚಟ ಬಿಟ್ಟನಂತೆ. ನಿಮಗೆ ತಿಳಿಸು ಅಂದ."

"ಒಳ್ಳೇದಾಯ್ತು," ಎಂದರು ಖಂಡಿತಪ್ಪ, ವಿಡಿಯೋದಲ್ಲಿ ಮಗಳ ಹಿಮ್ಮಡಿಯನ್ನು ನೋಡುತ್ತ.

ವರ್ತಕರ ಸಂಘದ ಅಧ್ಯಕ್ಷರು ದಿನಸಿ ವ್ಯಾಪಾರಿ. ದೊಡ್ಡ ದೇಹ, ಮೆತ್ತಗಿನ ಮಾತು, ಬೆರಳಲ್ಲಿ ಹಸಿರು ಕಲ್ಲಿನ ಉಂಗುರ. ಸಂಘದ ಪರವಾಗಿ ಅವರು ಸಂಜೆ ಖಂಡಿತಪ್ಪನವರ ಮನೆಗೇ ಬಂದರು. ಮೂಲೆಯಲ್ಲಿ ಒರಗಿಸಿಟ್ಟಿದ್ದ ಯಂತ್ರದಿಂದ ಆದಷ್ಟು ದೂರದ ಕುರ್ಚಿಯ ಅಂಚಿನಲ್ಲಿ ಕೂತರು.

"ಅದು ಈಗ ಚಾಲೂ ಇದೆಯಾ ಸಾರ್?"

"ಇಲ್ಲ ಇಲ್ಲ, ಆರಾಮಾಗಿ ಕೂತ್ಕೊಳ್ಳಿ."

ಅಧ್ಯಕ್ಷರು ಒಂದಿಂಚು ಹಿಂದೆ ಸರಿದು ಕೂತರು. "ಎಷ್ಟು ದೂರದಿಂದ ಹಿಡಿಯುತ್ತೆ ಸಾರ್?"

"ಹತ್ತಿರ ಇದ್ರೆ ಒಳ್ಳೇದು. ಆದ್ರೆ ಬೀದಿಯ ಆ ಬದಿಯಿಂದ ಹಿಡಿದ್ರೂ ಸ್ಪಷ್ಟ ಬರುತ್ತೆ."

"ಹಿಂದೆ ಯಾವಾಗ್ಲೋ ಎತ್ತಿದ್ದು?"

"ಅದೇ ಇದರ ಉಪಯೋಗ! ಒಂದು ಸಲ ಸಿಕ್ತು ಅಂದ್ರೆ ಹಿಂದಕ್ಕೆ ಓಡಿಸಿ, ನಿಧಾನ ಮಾಡಿ, ಎಷ್ಟು ಸಲ ಬೇಕಾದ್ರೂ ನೋಡಬಹುದು."

ಅಧ್ಯಕ್ಷರು ಕರವಸ್ತ್ರ ತೆಗೆದರು. "ನೋಡೋರು ಯಾರು ಸಾರ್? ನೀವೇನಾ?"

"ನನಗೆಲ್ಲಿ ತಿಳಿಯುತ್ತೆ? ಮೇಡಂಗೆ ತೋರಿಸ್ತೀನಿ."

"ಮೇಡಂಗಾ?" ಇಲಾಖೆಯ ದೊಡ್ಡ ಅಧಿಕಾರಿಯೂ ಹೆಂಗಸೇ. ಪೇಟೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು, ಅದೂ ಪಿಸುದನಿಯಲ್ಲಿ. "ಅವರು ನೋಡಿ ಏನಂತಾರೆ?"

"ಭಾರಿ ಕಟ್ಟುನಿಟ್ಟು ಅವರು. ಎಲ್ಲೆಲ್ಲಿ ಎತ್ತಿದಾರೆ ಅಂತ ಗುರುತು ಹಾಕ್ತಾರೆ. ಸಿಕ್ಕಿಬಿದ್ದ ಸಲಕ್ಕೊಂದು ಕೆಂಪು ಚೀಟಿ, ಮೂರಾದ್ರೆ ಹೊರಗೆ. ಅಳು, ಬೇಡಿಕೆ ಯಾವುದೂ ನಡೆಯಲ್ಲ."

"ಇದಕ್ಕೆ... ಏನಾದ್ರೂ ದಾರಿ ಇದೆಯಾ ಸಾರ್?"

"ಒಂದೇ ದಾರಿ. ಎತ್ತೋದನ್ನ ಬಿಡಬೇಕು. ಅಭ್ಯಾಸ ಬಲ ನೋಡಿ, ಬಿಡೋದು ಕಷ್ಟ. ಆದ್ರೆ ಮನಸ್ಸು ಮಾಡಿದ್ರೆ ಆಗುತ್ತೆ," ಎಂದು ಖಂಡಿತಪ್ಪನವರು ಮಗಳ ಭವಿಷ್ಯವನ್ನು ನೆನೆದು ಕಣ್ಣಂಚು ಒರೆಸಿಕೊಂಡರು. ಇಷ್ಟು ದಯಾಳುವಾದ, ಇಷ್ಟು ನಿರ್ದಯಿಯಾದ ಅಧಿಕಾರಿಯನ್ನು ಅಧ್ಯಕ್ಷರು ಎಂದೂ ನೋಡಿರಲಿಲ್ಲ. ಕಾಫಿಯನ್ನು ಮುಟ್ಟದೆ ಎದ್ದುಹೋದರು.

ಹೋದವರು ಸುಮ್ಮನಿರಲಿಲ್ಲ. ಖಂಡಿತಪ್ಪನವರ ಮೇಲಧಿಕಾರಿಯಾದ ಸಾಹೇಬರಿಗೆ ಫೋನು ಮಾಡಿ, ನೋಟಿಸು ಕೊಡದೆ ಹೊಸ ಯಂತ್ರ ಬಿಟ್ಟದ್ದು ಅನ್ಯಾಯ ಎಂದು ಗೋಗರೆದರು. ಯಂತ್ರದ ಗಂಧಗಾಳಿಯೂ ಸಾಹೇಬರಿಗೆ ಗೊತ್ತಿರಲಿಲ್ಲ. ಆದರೆ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡರೆ ಸಾಹೇಬರಾಗಿ ಏನು ಫಲ? "ಅದು ಇಲಾಖೆಯ ಗೋಪ್ಯ ವಿಚಾರ," ಎಂದು ಫೋನಿಟ್ಟರು. ಆಮೇಲೆ ಆ ವಾರ ಪೇಟೆಯ ಗಿರಾಕಿಗಳಿಂದ ತೂಕದ ಬಗ್ಗೆ ಒಂದೂ ದೂರು ಬಂದಿಲ್ಲವೆಂಬುದನ್ನು ಗಮನಿಸಿ, ದೊಡ್ಡ ಮೇಡಂಗೆ ತಾವೇ ಫೋನು ಮಾಡಿ, ತಮ್ಮ ಮಾರ್ಗದರ್ಶನದಲ್ಲಿ ನೂತನ ಯಂತ್ರವೊಂದು ಸಿದ್ಧವಾಗಿದೆಯೆಂದು ವರದಿ ಒಪ್ಪಿಸಿದರು. ಇಷ್ಟೆಲ್ಲ ಆದ ಮೇಲೆ ಖಂಡಿತಪ್ಪನವರನ್ನು ಕರೆಸಿದರು.

"ಏನ್ರೀ ಅದು ನಮ್ಮ ಯಂತ್ರ?"

"ನಮ್ಮ ಯಂತ್ರ ಅಲ್ಲ ಸಾರ್, ನಮ್ಮನೇದು. ಅದು ನನ್ನ ಮಗಳ..."

"ಕಾಲು ಎತ್ತೋದನ್ನ ಹಿಡಿಯುತ್ತೋ ಇಲ್ವೋ?"

"ಹಿಡಿಯುತ್ತೆ ಸಾರ್, ಆದ್ರೆ..."

"ಆದ್ರೆ ಗೀದ್ರೆ ಎಲ್ಲ ಬೇಡ. ಭಾನುವಾರ ದೊಡ್ಡ ಮೇಡಂ ನೋಡೋಕೆ ಬರ್ತಾರೆ. ಕಚೇರಿಗೆ ತನ್ನಿ."

"ಭಾನುವಾರ ಆಗಲ್ಲ ಸಾರ್."

ಸಾಹೇಬರು ಕತ್ತೆತ್ತಿ ನೋಡಿದರು. ಖಂಡಿತಪ್ಪನ ಬಾಯಲ್ಲಿ 'ಆಗಲ್ಲ' ಎಂಬ ಶಬ್ದ ಆ ಕಚೇರಿಯ ಗೋಡೆಗಳು ಕೇಳಿದ್ದು ಅದೇ ಮೊದಲು.

"ಭಾನುವಾರ ಮಗಳ ಆಯ್ಕೆ ಸ್ಪರ್ಧೆ. ನಾನು ಕ್ರೀಡಾಂಗಣದಲ್ಲಿರ್ತೀನಿ. ಯಂತ್ರಾನೂ ನನ್ನ ಜೊತೇಲೇ ಇರುತ್ತೆ. ನೀವು ನನ್ನನ್ನ ಎಲ್ಲಿಗೆ ಬೇಕಾದ್ರೂ ವರ್ಗ ಮಾಡಿ ಸಾರ್, ಆವತ್ತು ಮಾತ್ರ ನಾನು ಬರಲ್ಲ."

ಸಾಹೇಬರು ಗಲ್ಲ ಕೆರೆದುಕೊಂಡರು. ಅವರ ಮುಖ ನಿಧಾನವಾಗಿ ಅರಳಿತು. "ಸಾರ್ವಜನಿಕ ಪ್ರದರ್ಶನ! ಭೇಷ್! ನನಗೇ ಹೊಳೆದಿತ್ತು."

ಇತ್ತ ಕೋಚ್ ಮೇಡಂ ದಿನದಿನವೂ ವಿಡಿಯೋ ನೋಡುತ್ತಿದ್ದರು. ಚಿತ್ರ ಕಲ್ಲಿನಂತೆ ನಿಂತಿರುತ್ತಿತ್ತು. ಹುಡುಗಿ ಕಾಲೆತ್ತುವುದೂ ಸ್ಪಷ್ಟ ಕಾಣುತ್ತಿತ್ತು. ಆದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ಕಾರಣ ಮಾತ್ರ ತಿಳಿಯುತ್ತಿರಲಿಲ್ಲ. ಸ್ಪರ್ಧೆಯ ಹಿಂದಿನ ದಿನ ಖಂಡಿತಪ್ಪನವರ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದಾಗ ಮಗಳು ಕೇಳಿದಳು: "ಮೇಡಂ, ನೀವು ಯಾಕೆ ದನಿ ಪೂರ್ತಿ ಕಡಿಮೆ ಮಾಡ್ಕೊಂಡು ನೋಡ್ತೀರಿ?" ಕೋಚ್ ದನಿ ಹೆಚ್ಚಿಸಿದರು.

"ಹೂಂ, ಬಿಡಬೇಡ!" ಎಂದಿತು ಮೊಬೈಲು. ಹುಡುಗಿಯ ಎರಡೂ ಕಾಲು ನೆಲ ಬಿಟ್ಟವು.

ಮುಂದಕ್ಕೆ ಓಡಿಸಿದರು. "ಬಿಡಬೇಡ ಮಗಳೇ!" ಮತ್ತೆ ಬಿಟ್ಟವು. ಯಾವ ಬೆಳಗಿನ ವಿಡಿಯೋ ನೋಡಿದರೂ ಅದೇ ಕತೆ. ಅಪ್ಪ ಕೂಗಿದಾಗಲೆಲ್ಲ ಮಗಳು ಹಾರುತ್ತಿದ್ದಳು.

ಖಂಡಿತಪ್ಪನವರು ತಾವೇ ಕಟ್ಟಿದ ಕೋಲನ್ನು ನೋಡಿದರು. ಅದು ಹಿಡಿಯಬೇಕಾದವರನ್ನೇ ಹಿಡಿದಿತ್ತು. ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಿದ್ದರು, ಅವರ ಭುಜ ಮಾತ್ರ ಕುಲುಕುತ್ತಿತ್ತು.

"ಸಾರ್," ಎಂದರು ಕೋಚ್, "ನಾಳೆ ನಿಮ್ಮ ಯಂತ್ರ ಬರ್ಲಿ. ನೀವೂ ಬನ್ನಿ. ನಿಮ್ಮ ಬಾಯಿ ಬರೋದು ಬೇಡ. ಅವಳು ಗೆರೆ ಮುಟ್ಟೋವರೆಗೂ ಒಂದೇ ಒಂದು ಮಾತು ಆಡಬಾರದು. ಆಗುತ್ತಾ?"

ಖಂಡಿತಪ್ಪ ಬಾಯಿ ತೆರೆದರು, ಮುಚ್ಚಿದರು, ತಲೆಯಾಡಿಸಿದರು. ಆ ಕ್ಷಣದಿಂದಲೇ ವ್ರತ ಶುರುವಾಯಿತು.

ಭಾನುವಾರ ಪೇಟೆಗೆ ಪೇಟೆಯೇ ಬಾಗಿಲು ಹಾಕಿಕೊಂಡು ಕ್ರೀಡಾಂಗಣಕ್ಕೆ ಬಂತು. ಯಂತ್ರದ ಪ್ರದರ್ಶನವೆಂದರೆ ತಮ್ಮ ಹಣೆಬರಹದ ಪ್ರದರ್ಶನವೆಂದು ವರ್ತಕರಿಗೆ ಗೊತ್ತಿತ್ತು. ದೊಡ್ಡ ಮೇಡಂ ಬಂದರು. ನೆರೆತ ಕೂದಲು, ಚಪ್ಪಟೆ ಚಪ್ಪಲಿ, ಯಾವುದಕ್ಕೂ ಆಶ್ಚರ್ಯಪಡದ ಕಣ್ಣು. ಸಾಹೇಬರು ಅರ್ಧ ಬಗ್ಗಿಕೊಂಡು ದಾರಿ ತೋರಿಸಿದರು. ಅಷ್ಟರಲ್ಲಿ ಸೀಟಿ ಊದಿದರು, ಹುಡುಗಿಯರು ಹೊರಟರು, ಹಗ್ಗದ ಈಚೆ ಖಂಡಿತಪ್ಪನವರೂ ಮಂಡಿ ಬಗ್ಗಿಸಿ ಹೊರಟರು.

"ಇವರೇ ಮೇಡಂ ನಮ್ಮ ಇನ್‌ಸ್ಪೆಕ್ಟರು. ಹೇಳ್ರೀ, ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಮೇಡಂಗೆ ವಿವರಿಸ್ರೀ," ಎಂದು ಸಾಹೇಬರು ಪಕ್ಕದಲ್ಲೇ ಓಡುತ್ತ ಹೇಳಿದರು.

ಖಂಡಿತಪ್ಪ ತುಟಿಯ ಮೇಲೆ ಬೆರಳಿಟ್ಟು ಮುಂದೆ ಸಾಗಿದರು.

"ಗೋಪ್ಯ ಮೇಡಂ," ಎಂದರು ಸಾಹೇಬರು, ಬೆವರುತ್ತ.

"ನನ್ನ ಹತ್ತಿರಾನೂ ಗೋಪ್ಯವಾ?" ಎಂದರು ದೊಡ್ಡ ಮೇಡಂ. ಅವರೂ ನಡೆಯತೊಡಗಿದರು. ಮೇಡಂ ಹೋದ ಮೇಲೆ ಅಧ್ಯಕ್ಷರು ಹಿಂದುಳಿಯುವುದುಂಟೆ? ಅಧ್ಯಕ್ಷರ ಹಿಂದೆ ತರಕಾರಿಯವನು, ಅವನ ಹಿಂದೆ ಬಟ್ಟೆ ಅಂಗಡಿಯವರು, ಅವರ ಹಿಂದೆ ಸಮಸ್ತ ವರ್ತಕ ವೃಂದ. ಯಂತ್ರದಲ್ಲಿ ಏನು ಕಾಣುತ್ತದೆಂದು ಇಣುಕುವ ಆತುರದಲ್ಲಿ ಎಲ್ಲರೂ ಮಂಡಿ ಬಗ್ಗಿಸಿದ್ದರು. ಹಗ್ಗದ ಆಚೆ ಒಂದು ಸ್ಪರ್ಧೆ, ಈಚೆ ಇನ್ನೊಂದು. ಜನ ಯಾವುದನ್ನು ನೋಡಬೇಕೆಂದು ತಿಳಿಯದೆ ಎರಡಕ್ಕೂ ಕೂಗಿದರು. ತಿರುವಿನಲ್ಲಿ ನಿಂತಿದ್ದ ತೀರ್ಪುಗಾರರೊಬ್ಬರು ಅಭ್ಯಾಸಬಲದಿಂದ ದಿನಸಿ ಅಧ್ಯಕ್ಷರ ಕಾಲುಗಳನ್ನು ದಿಟ್ಟಿಸಿ, ಎಚ್ಚರಿಕೆಯ ಹಳದಿ ಹಲಗೆಯನ್ನು ಅವರ ಮುಖಕ್ಕೇ ಹಿಡಿದರು.

"ಮೇಡಂ ಎದುರಿಗೇ ಸಿಕ್ಕಿಬಿದ್ನಲ್ಲಪ್ಪಾ!" ಎಂದು ಅಧ್ಯಕ್ಷರು ನರಳಿದರು.

ಕೊನೆಯ ಸುತ್ತಿನಲ್ಲಿ ಮಗಳು ಮೂರನೆಯವಳಾಗಿದ್ದಳು. ಮುಂದಿನವಳ ಬೆನ್ನು ಕೈಗೆಟಕುವಷ್ಟು ಹತ್ತಿರವಿತ್ತು. ಖಂಡಿತಪ್ಪನವರ ಗಂಟಲವರೆಗೆ ಒಂದು 'ಬಿಡಬೇಡ' ಬಂದು ನಿಂತಿತು. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು, ಕಿವಿಯಿಂದಲಾದರೂ ಅದು ಹೊರಬಂದೀತೆಂದು ಪಕ್ಕದವರಿಗೆ ಅನಿಸಿತು. ಅವರು ಅದನ್ನು ನುಂಗಿದರು. ಮೊಬೈಲು ಅಲುಗಲಿಲ್ಲ. ಮಗಳ ಪಾದಗಳು ಒಂದಾದ ಮೇಲೊಂದು, ಒಂದಾದ ಮೇಲೊಂದು, ನೆಲಕ್ಕೆ ಹೊಲಿದಂತೆ ಬೀಳುತ್ತ ಹೋದವು. ಗೆರೆ ದಾಟುವಾಗ ಅವಳು ಎರಡನೆಯವಳಾಗಿದ್ದಳು. ಒಂದೂ ಕೆಂಪು ಚೀಟಿ ಇರಲಿಲ್ಲ.

ಆಗ ಖಂಡಿತಪ್ಪನವರ ಬಾಯಿಂದ ಹೊರಟ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದುಹೋದವು.

"ಈಗಲಾದ್ರೂ ಹೇಳ್ತೀರಾ?" ಎಂದರು ದೊಡ್ಡ ಮೇಡಂ. "ಇದು ಏನನ್ನ ತೂಗುತ್ತೆ?"

"ಏನನ್ನೂ ತೂಗಲ್ಲ ಮೇಡಂ. ಮೊಬೈಲು ಅಲುಗಾಡದ ಹಾಗೆ ಹಿಡ್ಕೊಳ್ಳೋ ಕೋಲು ಇದು. ಮಗಳು ಕಾಲು ಎತ್ತುತ್ತಿದ್ದಳು, ಅದನ್ನ ನೋಡೋಕೆ ಮಾಡಿದ್ದು."

"ಕಾಲು ಅಂದ್ರೆ..." ಎಂದರು ಅಧ್ಯಕ್ಷರು.

"ಕಾಲು ಅಂದ್ರೆ ಕಾಲು ಸ್ವಾಮಿ!" ಖಂಡಿತಪ್ಪನವರು ತಮ್ಮ ತೊಡೆ ತಟ್ಟಿ ತೋರಿಸಿದರು. "ಇದು!"

ಮೊದಲು ಅಧ್ಯಕ್ಷರ ಹೊಟ್ಟೆ ನಗೆಗೆ ಕುಲುಕಿತು. ತರಕಾರಿಯವನು ನೆಲಕ್ಕೆ ಕುಸಿದು ನಕ್ಕ. "ನಾನು ಒಂದು ವಾರ ಪೂರ್ತಿ ತೂಗಿಬಿಟ್ಟೆನಲ್ಲಪ್ಪೋ!" ಎಂದು ಬಟ್ಟೆ ಅಂಗಡಿಯವರ ಹೆಗಲ ಮೇಲೆ ತಲೆಯಿಟ್ಟ. ವರ್ತಕರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಸಾಹೇಬರ ಮುಖ ಮಾತ್ರ ಬಿಳಿಚಿತ್ತು. ಅವರು ಮೆಲ್ಲನೆ ಜನರ ನಡುವೆ ಮಾಯವಾಗಲು ನೋಡುತ್ತಿದ್ದರು.

ದೊಡ್ಡ ಮೇಡಂ ನಗಲಿಲ್ಲ. "ಮೊದಲ ದಿನದ ವಿಡಿಯೋ ಇದೆಯಾ? ತೋರಿಸಿ."

ತೋರಿಸಿದರು. ಪೇಟೆಬೀದಿ, ಬೆಳಗಿನ ಬಿಸಿಲು, ಹುಡುಗಿಯ ಎರಡು ಕಾಲು, ಹಿಂದೆ ಸಾಲಾಗಿ ಅಂಗಡಿಗಳು. ಮೇಡಂ ಸ್ವಲ್ಪ ಹೊತ್ತು ನೋಡಿದರು. ಒಂದು ಕಡೆ ನಿಲ್ಲಿಸಿದರು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿದರು.

"ಹುಡುಗಿ ಕಾಲಿನ ವಿಷಯ ನನಗೆ ತಿಳಿಯಲ್ಲ," ಎಂದರು. "ಆದ್ರೆ ಅವಳ ಮಂಡಿಯ ಹಿಂದೆ, ಈ ಸಕ್ಕರೆ ತಟ್ಟೆಯ ಅಂಚನ್ನ ಕೆಳಕ್ಕೆ ಒತ್ತಿ ಹಿಡಿದಿರೋ ಬೆರಳು ಯಾರದು?"

ಬೆರಳಿನಲ್ಲಿದ್ದ ಹಸಿರು ಕಲ್ಲಿನ ಉಂಗುರ ಅಧ್ಯಕ್ಷರದೆಂದು ಊರಿಗೆಲ್ಲ ಗೊತ್ತಿತ್ತು. ಮೇಡಂ ಮುಂದಕ್ಕೆ ಓಡಿಸಿದರು. ಮತ್ತೆ ನಿಲ್ಲಿಸಿದರು. "ಬದನೆಕಾಯಿ ತಟ್ಟೆ ಮೇಲೆ ಇನ್ನೊಂದು ಬೆರಳು." ಮತ್ತೆ ಓಡಿಸಿದರು. ಬೀದಿ ಉದ್ದವಿತ್ತು, ಚಿತ್ರ ಸ್ಪಷ್ಟವಿತ್ತು.

"ಏನ್ರೀ ಇನ್‌ಸ್ಪೆಕ್ಟರೇ, ದಿನಾ ಇದನ್ನ ನೋಡ್ತಾ ಇದ್ರಂತೆ. 'ಇದೇನು' ಅಂತ ಒಂದು ದಿನಾನೂ ಅನ್ನಿಸಲಿಲ್ವಾ?"

ಖಂಡಿತಪ್ಪನವರು ಪ್ರಾಮಾಣಿಕರು. "ನಾನು ಕಾಲು ಬಿಟ್ಟು ಬೇರೇನೂ ನೋಡಲಿಲ್ಲ ಮೇಡಂ."

ಸುತ್ತ ನಿಂತಿದ್ದ ವರ್ತಕರ ಕೈಗಳೆಲ್ಲ ಒಂದೊಂದಾಗಿ, ಸದ್ದಿಲ್ಲದೆ, ಜೇಬಿನೊಳಗೆ ಇಳಿದವು.

ಅದೇ ಹೊತ್ತಿಗೆ ಧ್ವನಿವರ್ಧಕದಲ್ಲಿ ತಂಡಕ್ಕೆ ಆಯ್ಕೆಯಾದವರ ಹೆಸರು ಕೂಗಿದರು. ಎರಡನೆಯ ಹೆಸರು ಖಂಡಿತಪ್ಪನವರ ಮಗಳದು. ಬೆವರಿಳಿಯುತ್ತಿದ್ದ ಹುಡುಗಿ ಗೆದ್ದವರ ಮೆಟ್ಟಿಲ ಮೇಲೆ ನಿಂತು ಜನರತ್ತ ನೋಡಿದಳು. ಅಷ್ಟು ದೊಡ್ಡ ಪೇಟೆ ಅವಳ ಮುಂದೆ ನಿಂತಿತ್ತು. ಒಬ್ಬರೂ ಜೇಬಿನಿಂದ ಕೈ ತೆಗೆಯುವ ಹಾಗಿರಲಿಲ್ಲ.

ಖಂಡಿತಪ್ಪನವರು ಯಂತ್ರವನ್ನು ದೊಡ್ಡ ಮೇಡಂ ಕೈಗೆ ಕೊಟ್ಟು, ಹೆಂಡತಿಯ ಪಕ್ಕಕ್ಕೆ ಹೋಗಿ, ಇಡೀ ಪೇಟೆಯ ಪರವಾಗಿ ಚಪ್ಪಾಳೆ ತಟ್ಟತೊಡಗಿದರು.